ಅವ್ವನ ಕೋಣೆಯ ಹಸಿರು

ನಮ್ಮೂರಿನವರಿಗೆ ಬಣ್ಣ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ. ಮದುವೆಯಾದಾಗಿನಿಂದ ಇದೇ ಕೆಲಸ. ಯಾವ ಗೋಡೆಗೆ ಯಾವ ಬಣ್ಣ, ಎಷ್ಟು ಗಾಢ, ಎಷ್ಟು ತೆಳು ಎಂದು ಹೇಳುವುದು, ಪುಡಿ ಕಲಸಿಕೊಡುವುದು, ಕೆಲವು ಸಲ ನಾನೇ ಸೆರಗು ಸಿಕ್ಕಿಸಿಕೊಂಡು ಬಳಿಯುವುದು. ಬೇರೆ ಊರುಗಳಲ್ಲಿ ಗೋಡೆ ಕಣ್ಣಿಗೆ ಚೆಂದ ಕಂಡರೆ ಸಾಕಂತೆ. ಅಲ್ಲಿ ಈ ಕೆಲಸ ಮಾಡುವವರು ಪುಣ್ಯವಂತರು. ನಮ್ಮೂರಿನಲ್ಲಿ ಹಳದಿ ಗೋಡೆಗಳ ನಡುವೆ ಕೂತವರು ಮಾತು ನಿಲ್ಲಿಸುವುದಿಲ್ಲ, ನೀಲಿಯೊಳಗೆ ಹೋದವರು ತುಟಿ ಬಿಚ್ಚುವುದಿಲ್ಲ, ಕೆಂಪಿನೊಳಗೆ ಕಾಲಿಟ್ಟವರು ಮಾಡಬೇಕಾದ್ದನ್ನು ಆ ಗಳಿಗೆಯಲ್ಲೇ ಮಾಡಿ ಮುಗಿಸುತ್ತಾರೆ, ಹಸಿರಿನೊಳಗೆ ಹೋದವರು ಎಲ್ಲವನ್ನೂ ನಾಳೆಗೆ ಇಡುತ್ತಾರೆ. ಹೊರಗೆ ಬಂದು ನಾಲ್ಕು ಹೆಜ್ಜೆ ಹೋದರೆ ಮತ್ತೆ ಮೊದಲಿನಂತೆ. ಇದು ತೊಟ್ಟಿಲಿನ ಕೂಸಿಗೂ ಗೊತ್ತು. ಇಷ್ಟು ಗೊತ್ತಿದ್ದೂ ಇವರು ಮಾಡಿಕೊಳ್ಳುವ ಅಧ್ವಾನ ನೋಡಿದರೆ ಹಣೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಹಳದಿ ಅಂದರೆ ಮಾತು ಅನ್ನುವಷ್ಟನ್ನು ಬಾಯಿಪಾಠ ಮಾಡಿಕೊಂಡು ಬಂದುಬಿಡುತ್ತಾರೆ. ಯಾವ ಹಳದಿ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅರಿಸಿನದ ಹಳದಿಯಾದರೆ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ. ನಿಂಬೆಯ ಹಳದಿಯಾದರೆ ಪಕ್ಕದ ಮನೆಯವರ ಸುದ್ದಿ. ಅದೇ ಹಳದಿ ಬಿಸಿಲಿಗೆ ಮಾಸಿದರೆ ಸತ್ತುಹೋದವರ ಕಥೆಯೇ ಕಥೆ. ಒಬ್ಬಾಕೆ, ಗಂಡ ಮನೆಯಲ್ಲಿ ಬಾಯಿಯೇ ಬಿಡುವುದಿಲ್ಲವೆಂದು ಗೋಳಾಡಿ, ನಾನು ಬೇಡ ಬೇಡ ಅಂದರೂ ಹಜಾರಕ್ಕೆಲ್ಲ ನಿಂಬೆ ಹಳದಿ ಬಳಿಸಿಕೊಂಡಳು. ತಿಂಗಳೊಳಗೆ ಓಡಿ ಬಂದು, ಹೊಂಬಾಳಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಮನುಷ್ಯನ ಬಾಯಿ ಮುಚ್ಚಿಸಿ ಅಂದಳು. ಬಸ್ ಸ್ಟ್ಯಾಂಡಿನ ಪಕ್ಕದ ದರ್ಜಿ ಹಸಿರು ತಂಪು ಎಂದು ಅಂಗಡಿಗೆ ಹಸಿರು ಬಳಿದು, ಈಗ ಅವನ ಹತ್ತಿರ ಊರಿನ ಅರ್ಧ ಹೆಂಗಸರ ರವಿಕೆ ಬಟ್ಟೆ ಕೊಳೆಯುತ್ತಿದೆ. ಇನ್ನು ನಮ್ಮ ಸರ್ಕಾರಿ ಕಚೇರಿಗೆ ಹಸಿರು ಬಳಿಸಿದ್ದು ಯಾರು ಎಂದು ನನ್ನನ್ನು ಕೇಳಬೇಡಿ. ಬಳಿಯುವುದಕ್ಕೆ ಮೊದಲೂ ಅಲ್ಲಿ ಹಾಗೇ ಇತ್ತು ಅನ್ನುತ್ತಾರೆ.

ಊರಿನವರದ್ದು ಹಾಗಿರಲಿ. ನನ್ನ ಒಡಹುಟ್ಟಿದವನೇ ಇಂಥ ಕೆಲಸ ಮಾಡಿದರೆ ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನ ಅಣ್ಣ ಲಿಂಗರಾಜುವಿನದು ಹಿಟ್ಟಿನ ಗಿರಣಿ. ನಮ್ಮವ್ವ ಚಿಕ್ಕತಾಯಮ್ಮ ಅವನ ಮನೆಯಲ್ಲೇ ಇದ್ದಳು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಡಾಕ್ಟರು ಬಂದರು, ನೋಡಿದರು, ಹೊರಗೆ ಬಂದು ಕೈ ತೊಳೆದುಕೊಂಡು, ಬರೋರನ್ನೆಲ್ಲ ಕರೆಸಿಬಿಡಿ ಎಂದು ಹೇಳಿ ಹೋದರು. ಅಣ್ಣ ಯಾರನ್ನೂ ಕರೆಸಲಿಲ್ಲ. ನೇರ ಪೇಟೆಗೆ ಹೋಗಿ, ನನ್ನ ಹತ್ತಿರ ಬಂದರೆ ಯಾಕೆ ಎಂದು ಕೇಳುತ್ತೇನೆಂದು ಬೇರೆ ಅಂಗಡಿಯಲ್ಲಿ ಹಸಿರು ಪುಡಿ ತಂದು, ಅವ್ವ ಮಂಚದ ಮೇಲೆ ಏದುಸಿರು ಬಿಡುತ್ತಿರುವಾಗಲೇ ಅವಳ ಕೋಣೆಗೆಲ್ಲ ಬಳಿದ. ಮೂರು ಗೋಡೆ ಮುಗಿಸಿ ನಾಲ್ಕನೆಯದರ ಅರ್ಧಕ್ಕೆ ಬರುವ ಹೊತ್ತಿಗೆ ಆ ಹಸಿರು ಅವನನ್ನೂ ಹಿಡಿಯಿತು. ಉಳಿದದ್ದು ನಾಳೆ ಎಂದು ಬ್ರಷ್ಷನ್ನು ಬಕೆಟ್ಟಿನಲ್ಲೇ ಬಿಟ್ಟು ಎದ್ದು ಬಂದ. ಆ ಅರ್ಧ ಗೋಡೆ ಇವತ್ತಿಗೂ ಹಾಗೇ ಇದೆ.

ಅವ್ವ ಸಾಯಲಿಲ್ಲ. ಸಾಯುವುದನ್ನು ನಾಳೆಗೆ ಇಟ್ಟಳು. ಮಾರನೆಯ ದಿನ ಇನ್ನೊಂದು ನಾಳೆಗೆ ಇಟ್ಟಳು. ಅಣ್ಣ ಊರೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದ. ನೋಡಮ್ಮ, ನಿನ್ನ ವಿದ್ಯೆ ನಂಗೂ ಬರ್ತದೆ ಎಂದು ನನಗೇ ಹೇಳಿದ. ಮೊದಮೊದಲು ನಮಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಅವ್ವ ಇದ್ದಾಳೆ ಅನ್ನುವುದು ಸಣ್ಣ ಮಾತೇ? ಆದರೆ ಹಸಿರು ಸಾವೊಂದನ್ನೇ ಆರಿಸಿ ಮುಂದಕ್ಕೆ ಹಾಕುತ್ತದೆಯೇ? ಮಂಚದ ಪಕ್ಕದಲ್ಲಿಟ್ಟ ಗಂಜಿ ಕೆನೆಗಟ್ಟಿ ಹಾಗೇ ಕೂತಿರುತ್ತಿತ್ತು. ಬದುಕಿರುವುದಕ್ಕೆ ಬೇಕಾದ ಎರಡು ತುತ್ತು ಹೇಗೋ ಒಳಗೆ ಹೋಗುತ್ತಿತ್ತು, ಮೂರನೆಯದು ನಾಳೆಗೆ. ತಲೆ ಬಾಚಿಕೊಳ್ಳುವುದು ನಾಳೆಗೆ. ಮಗ್ಗುಲು ಬದಲಿಸುವುದು ನಾಳೆಗೆ. ಒಂದು ಕಥೆ ಶುರು ಮಾಡಿದರೆ ಅದರ ನಡುವೆಯೇ ಉಳಿದದ್ದು ನಾಳೆ ಹೇಳ್ತೀನಿ ಕಣೆ ಅನ್ನುತ್ತಿದ್ದಳು.

ಹಾಗಾದರೆ ನೀನು ಏನು ಮಾಡುತ್ತಿದ್ದೆ, ಬಣ್ಣ ತಿಳಿದವಳು ಎಂದು ನೀವು ಕೇಳಬಹುದು. ನಾನು ಪ್ರತಿ ಸಲವೂ ಸೊಂಟ ಕಟ್ಟಿಕೊಂಡೇ ಹೋಗುತ್ತಿದ್ದೆ. ಇವತ್ತು ಈ ಹಸಿರನ್ನು ಕೆರೆದು ಹಾಕದಿದ್ದರೆ ನನ್ನ ಹೆಸರು ಹೊಂಬಾಳ ಅಲ್ಲ ಎಂದುಕೊಂಡು ಹೊಸ್ತಿಲು ದಾಟುತ್ತಿದ್ದೆ. ದಾಟಿದ ಕೂಡಲೇ, ಅವಸರ ಏನು, ಬರುವ ವಾರ ನೋಡಿದರಾಯಿತು ಅನ್ನಿಸುತ್ತಿತ್ತು. ಅವ್ವನ ಕೈ ಹಿಡಿದು ಕೂತು, ಒಂದಿಷ್ಟು ಮಾತಾಡಿ, ಎದ್ದು ಬರುತ್ತಿದ್ದೆ. ಗಿರಣಿ ದಾಟಿ ಮೋರಿಯ ಹತ್ತಿರ ಬಂದಾಗ ತಲೆ ತಿಳಿಯಾಗುತ್ತಿತ್ತು. ಮೈಯೆಲ್ಲ ಉರಿದುಹೋಗುತ್ತಿತ್ತು. ವಾಪಸು ಓಡುತ್ತಿದ್ದೆ. ಹೊಸ್ತಿಲು ದಾಟಿದರೆ ಮತ್ತೆ ಅದೇ. ಹೀಗೆ ಒಂದೇ ದಿನ ಅದೆಷ್ಟು ಸಲ ಓಡಾಡಿದೆನೋ, ಗಿರಣಿಯ ಮುಂದೆ ರಾಗಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಒಂದು ದಿನ ಅವ್ವನ ತಲೆಗೂದಲು ಗಂಟು ಬಿದ್ದು ಉಂಡೆಯಾಗಿರುವುದನ್ನು ನೋಡಿದೆ. ಬಾಚಣಿಗೆ ತೆಗೆದುಕೊಂಡು ಕೂತೆ. ಒಂದು ಸಿಕ್ಕು ಬಿಡಿಸುವಷ್ಟರಲ್ಲಿ, ಉಳಿದದ್ದು ನಾಳೆ ಎಂದು ಬಾಚಣಿಗೆಯನ್ನು ಅವಳ ತಲೆಯಲ್ಲೇ ಸಿಕ್ಕಿಸಿಟ್ಟು ಬಂದುಬಿಟ್ಟೆ. ಮೋರಿಯ ಹತ್ತಿರ ಬಂದಾಗ ನಾನು ಮಾಡಿದ್ದು ನೆನಪಾಯಿತು. ನನ್ನವ್ವ, ತಲೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡು, ಗೋಡೆ ನೋಡುತ್ತ ಮಲಗಿದ್ದಾಳೆ. ಮೋರಿ ಕಟ್ಟೆಯ ಮೇಲೆ ಕೂತು ಬೈದೆ. ಅಣ್ಣನನ್ನು ಬೈದೆ, ಆ ಪುಡಿ ಮಾರಿದವನ ಜನ್ಮ ಜಾಲಾಡಿದೆ, ನನ್ನ ಕೈಯನ್ನೂ ಬೈದೆ. ಆ ಸಲ ವಾಪಸು ಹೋದಾಗ ಬಾಗಿಲ ಕಡೆ ಹೋಗಲಿಲ್ಲ. ಹಿತ್ತಲಿನಿಂದ ಸುತ್ತಿ ಕಿಟಕಿಯ ಹತ್ತಿರ ನಿಂತೆ.

"ಅವ್ವಾ, ಎದ್ದು ಹೊರಗೆ ಬಾರವ್ವ."

"ನಾಳೆ ಬರ್ತೀನಿ ಕಣೆ."

"ಹೋಗಲಿ, ನಿಂಗೆ ಏನು ಬೇಕು ಅಂತಾದರೂ ಹೇಳು. ಹೀಗೇ ಇರಬೇಕಾ, ಬೇರೆ ಬಣ್ಣ ಬಳೀಬೇಕಾ?"

"ನಾಳೆ ಹೇಳ್ತೀನಿ."

ಗಿರಣಿಯ ಇಬ್ಬರು ಆಳುಗಳನ್ನು ಕರೆದು ಮಂಚ ಎತ್ತಿ ಹೊರಗೆ ತನ್ನಿ ಅಂದೆ. ಧಡಧಡ ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಆರಾಮವಾಗಿ ಹೊರಗೆ ಬಂದು, ನಾಳೆ ಎತ್ತಿದರಾಯ್ತು ಬಿಡಕ್ಕ ಅಂದರು. ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಹತ್ತಿರದ ಗೋಡೆಯನ್ನಾದರೂ ಕೆರೆಯೋಣ ಎಂದರೆ, ಒಳಗೆ ಹೋದಷ್ಟು ಕೈ ಜೋಲುತ್ತದೆ, ಹೊರಗಿರುವ ಭುಜ ಮಾತ್ರ ಹಾರಾಡುತ್ತದೆ. ಥೂ, ಯಾರಿಗೆ ಬೇಕು ಈ ಊರಿನ ಸಹವಾಸ ಅನ್ನಿಸಿತು.

ಕೊನೆಗೆ ಹೊಳೆದದ್ದು ಬಿದಿರಿನ ಗಳ. ಎತ್ತರದ ಗೋಡೆಗೆ ಬಳಿಯುವಾಗ ಬ್ರಷ್ಷನ್ನು ತುದಿಗೆ ಕಟ್ಟಿಕೊಳ್ಳುತ್ತೇವಲ್ಲ, ಅದು. ನಾನು ಹೊರಗೆ ನಿಂತರೆ ಗಳ ಒಳಗೆ ಹೋಗುತ್ತದೆ. ಬಿದಿರಿಗೆ ನಾಳೆ ಎಂಬುದಿಲ್ಲ. ಅವ್ವನ ತಲೆಯ ಹಿಂದೆ ಕಿಟಕಿ, ಅವಳ ಕಣ್ಣೆದುರಿಗೆ ಆ ಕಡೆಯ ಗೋಡೆ. ಬಣ್ಣದ ಕೆಲಸ ಕಲಿತವರಿಗೆ ಗೊತ್ತಿರುವುದು ಇದೊಂದೇ ದೊಡ್ಡ ವಿಷಯ: ಕೋಣೆಗೆ ನಾಲ್ಕು ಗೋಡೆಯಿದ್ದರೂ ಮಲಗಿದವರಿಗೆ ಇರುವುದು ಒಂದೇ ಗೋಡೆ. ಆ ಗೋಡೆಗೆ ಮೊರದಗಲ ಬೇರೆ ಬಣ್ಣ ಬಿದ್ದರೂ ಸಾಕು, ಉಳಿದ ಮೂರರ ಹಿಡಿತ ಸಡಿಲವಾಗುತ್ತದೆ.

ನಾನು ಗಳಕ್ಕೆ ಬ್ರಷ್ ಕಟ್ಟುತ್ತಿರುವುದನ್ನು ನೋಡಿ ಅಣ್ಣ ಗಿರಣಿಯಿಂದ ಮೈತುಂಬ ಹಿಟ್ಟಿನ ಸಮೇತ ಓಡಿ ಬಂದ. ಅಷ್ಟರಲ್ಲಿ ಮೇಲಿನ ಕೇರಿಯಲ್ಲಿರುವ ನಮ್ಮ ತಂಗಿ ಜಯಶೀಲಳಿಗೂ ಯಾರೋ ಸುದ್ದಿ ಮುಟ್ಟಿಸಿದ್ದರು. ಅವಳೂ ಬಂದಳು. ಹಿತ್ತಲಿನಲ್ಲಿ ಮೂವರೂ ನಿಂತೆವು.

"ಹೊಂಬಾಳ, ಅವ್ವನ್ನ ಕೊಲ್ಲೋಕೆ ಬಂದಿದ್ದೀಯಾ?" ಅಂದ ಅಣ್ಣ.

"ನೀನು ಬದುಕಿಸಿದ್ದೀಯಾ? ತಲೇಲಿ ಬಾಚಣಿಗೆ ಸಿಕ್ಕಿಸ್ಕೊಂಡು ಮಲಗಿದ್ದಾಳೆ, ನೋಡು ಹೋಗು."

"ಉಸಿರಾಡ್ತಾ ಇದ್ದಾಳಲ್ಲ. ಬೆಳಗ್ಗೆ ಎದ್ದು ಅವ್ವಾ ಅಂದ್ರೆ, ಹ್ಞೂಂ ಅಂತಾಳೆ. ನಂಗೆ ಅಷ್ಟೇ ಸಾಕು."

"ನಿಂಗೆ ಸಾಕು. ಅವಳಿಗೆ?"

ಜಯಶೀಲ ನಡುವೆ ಬಾಯಿ ಹಾಕಿದಳು. "ಜಗಳ ಯಾಕೆ? ನೀಲಿ ಬಳಿಯೋಣ ಅಕ್ಕ. ತಣ್ಣಗೆ ನೆಮ್ಮದಿಯಾಗಿರ್ತಾಳೆ, ಪಾಪ."

ನನಗೆ ತಲೆ ಕೆಟ್ಟುಹೋಯಿತು. ನೀಲಿ ಅಂದರೆ ನೆಮ್ಮದಿ ಎಂದು ಊರಿಗೆಲ್ಲ ಹೇಳಿಕೊಟ್ಟವರು ಯಾರೋ, ಸಿಕ್ಕರೆ ಅವರಿಗೆ ಅದೇ ನೀಲಿಯನ್ನು ಕುಡಿಸುತ್ತೇನೆ. "ನೀಲಿಯೊಳಗಿರೋರು ನೆಮ್ಮದಿಯಾಗಿದ್ದಾರೋ ಇಲ್ವೋ ನಿಂಗೆ ಹೇಗೆ ಗೊತ್ತು? ಅವರು ಬಾಯಿ ಬಿಟ್ರೆ ತಾನೆ ಗೊತ್ತಾಗೋದು? ನಿಂಗೆ ಬೇಕಾಗಿರೋದು ಅವಳ ನೆಮ್ಮದಿಯಲ್ಲ, ನಿನ್ನ ಕಿವಿಯ ನೆಮ್ಮದಿ" ಅಂದೆ. ಜಯಶೀಲ ಅಳುವುದಕ್ಕೆ ಶುರು ಮಾಡಿದಳು. ಅಣ್ಣ ಗಳದ ಇನ್ನೊಂದು ತುದಿ ಹಿಡಿದುಕೊಂಡ. ಅವನು ಎಳೆಯುವುದು, ನಾನು ಎಳೆಯುವುದು. ಅರವತ್ತು ದಾಟಿದ ಅಣ್ಣ, ಮೊಮ್ಮಕ್ಕಳನ್ನು ಕಂಡ ತಂಗಿ, ಹಿತ್ತಲಿನಲ್ಲಿ ಬಿದಿರಿಗಾಗಿ ಗುದ್ದಾಡುತ್ತಿದ್ದೇವೆ.

"ಅಣ್ಣ, ಅವಳನ್ನ ಒಂದು ಮಾತು ಕೇಳೋಣ. ಹಳದಿ ಬಳೀತೀನಿ, ಅಷ್ಟೆ. ಹಳದಿಯಿಂದ ಯಾರೂ ಸಾಯಲ್ಲ. ಅವಳೇ ಹೇಳಲಿ. ಹಸಿರೇ ಇರಲಿ ಅಂದ್ರೆ, ನಿನ್ನಾಣೆ, ನಾನೇ ಮೇಲೆ ಹಸಿರು ಬಳಿದು ಹೋಗ್ತೀನಿ" ಅಂದೆ. ಅವನು ಗಳ ಬಿಟ್ಟ.

ಅರಿಸಿನದ ಹಳದಿಯನ್ನೇ ಕಲಸಿದೆ. ಗಳವನ್ನು ಸರಳಿನ ನಡುವೆ ತೂರಿಸಿ ಅವ್ವನ ಮೇಲಿಂದ ಆ ಕಡೆಯ ಗೋಡೆಗೆ ಚಾಚಿದೆ. ಒಂದು ಹನಿ ಟಪ್ಪನೆ ಅವಳ ಮೂಗಿನ ಮೇಲೆ ಬಿತ್ತು. ಒರಸಿಕೊಳ್ಳವ್ವ ಅಂದರೆ, ನಾಳೆ ಒರಸಿಕೊಳ್ತೀನಿ ಅಂದಳು. ಹಲ್ಲು ಕಚ್ಚಿಕೊಂಡು ಬಳಿದೆ. ಅಂಗೈಯಷ್ಟಾಯಿತು, ತಟ್ಟೆಯಷ್ಟಾಯಿತು, ಮೊರದಷ್ಟಾಯಿತು. ಅವ್ವ ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಬುದ್ಧಿ ಇದ್ಯೇನ್ರೋ ನಿಮಗೆ?" ಎಂದು ಶುರು ಮಾಡಿದಳು. ಆಮೇಲೆ ನಿಲ್ಲಿಸಲಿಲ್ಲ. "ವರ್ಷದಿಂದ ಒಂದು ತುತ್ತು ನೆಟ್ಟಗೆ ನುಂಗಿಲ್ಲ. ಬೆನ್ನು ಕಡೀತದೆ, ಕೆರ್ಕೊಳಾಣ ಅಂದ್ರೆ ಕೈ ನಾಳೆ ಅಂತದೆ. ನೀವು ಮೂರೂ ಜನ ಬರ್ತೀರಿ, ಕೂರ್ತೀರಿ, ಬಾಯಿಗೆ ಬಂದದ್ದು ಅಂದು ಹೋಗ್ತೀರಿ. ಲಿಂಗ, ಅಲ್ಲೇ ಇದ್ದೀಯೇನೋ? ಸಾವನ್ನ ಮುಂದಕ್ಕೆ ಹಾಕ್ದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ಯಂತೆ. ನಗು ಬಂದ್ರೆ ಅದೂ ಮುಂದಕ್ಕೆ ಹೋಯ್ತದೆ ಕಣೋ. ಕಣ್ಣೀರು ಬಂದ್ರೂ ಅಷ್ಟೆ. ನಿಮ್ಮಪ್ಪನ ಮುಖ ನೆನೆಸ್ಕೊಳಾಣ ಅಂದ್ರೆ, ಮೂಗು ಬರೋ ಹೊತ್ತಿಗೆ ಉಳಿದದ್ದು ನಾಳೆ. ಎಷ್ಟು ದಿನ ಆಯ್ತು ಆ ಮುಖ ಪೂರ್ತಿ ನೋಡಿ."

ಅಣ್ಣ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದ. "ತಪ್ಪಾಯ್ತು ಕಣವ್ವ" ಅಂದ.

"ತಪ್ಪು ಒಪ್ಪು ಆಮೇಲೆ. ಹೊಂಬಾಳ, ಕೆಂಪು ಬಳಿಯೇ."

ಕೆಂಪು ಯಾರನ್ನೂ ಕೊಲ್ಲುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಉಳಿದದ್ದನ್ನೆಲ್ಲ ಈಗಲೇ ಮಾಡು ಅನ್ನುತ್ತದೆ, ಅಷ್ಟೆ. ಆದರೆ ಅವ್ವನಿಗೆ ಏನೇನು ಉಳಿದಿತ್ತು ಅನ್ನುವುದೂ ನಮ್ಮ ಮೂವರಿಗೂ ಗೊತ್ತಿತ್ತು. ಜಯಶೀಲ, ಬೇಡ ಕಣವ್ವ, ನೀಲಿ ಬಳಿಸ್ಕೋ ಎಂದು ಗೋಗರೆದಳು. ಅವ್ವ, ನೀನು ಬಳಿಸ್ಕೊಂಡು ಬಾಯಿ ಮುಚ್ಕೊಂಡಿರು ಹೋಗು ಅಂದಳು.

ನಾನು ಕೆಂಪು ಕಲಸಿದೆ. ಕಲಸುವಾಗ ನನ್ನ ಕೈ ಕುಂಕುಮಗೆಂಪಿನ ಡಬ್ಬಿಯನ್ನು ದಾಟಿ ಕೆಮ್ಮಣ್ಣಿನ ಡಬ್ಬಿಗೆ ಹೋಯಿತು. ಕೆಮ್ಮಣ್ಣಿನ ಕೆಂಪು ನಿಧಾನದ್ದು. ದಿನದಲ್ಲಿ ಆಗಬೇಕಾದ್ದಕ್ಕೆ ತಿಂಗಳು ಹಿಡಿಸುತ್ತದೆ. ಕೆಂಪು ಕೇಳಿದಳು, ಕೆಂಪು ಕೊಟ್ಟೆ, ಸುಳ್ಳೇನೂ ಆಗಲಿಲ್ಲವಲ್ಲ ಎಂದು ಲೆಕ್ಕ ಹಾಕಿದೆ. ಗಳ ಚಾಚಿ ಎರಡು ಪಟ್ಟಿ ಎಳೆದಿದ್ದೆ, ಅಷ್ಟೇ.

"ಯಾರಿಗೆ ಟೋಪಿ ಹಾಕ್ತೀಯೇ? ಇದು ಕೆಮ್ಮಣ್ಣು. ನಾನು ನಿನ್ನ ಹೆತ್ತೋಳು. ಕುಂಕುಮದ್ದು ಬಳಿ" ಅಂದಳು ಅವ್ವ. ಇಷ್ಟು ವರ್ಷ ಊರಿನವರಿಗೆಲ್ಲ ಬಣ್ಣ ಹೇಳಿದವಳನ್ನು, ಮಂಚ ಬಿಟ್ಟು ಏಳಲಾರದ ಮುದುಕಿ ಹಿಡಿದು ಹಾಕಿದಳು. ಮತ್ತೆ ಕಲಸಿದೆ. ಬಳಿದೆ. ಎಡಗಡೆ ಬಿಟ್ಟಿದ್ದೀಯ, ಮೇಲೆ ತೆಳುವಾಯ್ತು, ಅಯ್ಯೋ ಒಂದು ಗೋಡೆ ನೆಟ್ಟಗೆ ಬಳಿಯೋಕೆ ಬರಲ್ವಲ್ಲೇ ಎಂದು ಅವಳು ಮಲಗಿದಲ್ಲಿಂದಲೇ ಕೂಗುತ್ತಿದ್ದಳು. ನಿಂಗೆ ಅಷ್ಟು ಬರೋದಾದ್ರೆ ಎದ್ದು ಬಂದು ನೀನೇ ಬಳ್ಕೋ ಎಂದು ನಾನೂ ಕೂಗಿದೆ.

ಅವಳು ಎದ್ದೇಬಿಟ್ಟಳು. ಮಂಚದ ಮೇಲೆ ಕೂತು, ಮೊದಲು ಮೂಗಿನ ಮೇಲಿನ ಹಳದಿ ಒರಸಿಕೊಂಡಳು. ತಲೆಯಿಂದ ಬಾಚಣಿಗೆ ಕಿತ್ತು ಬರಬರ ಬಾಚಿಕೊಂಡಳು. ಬಿಸಿನೀರು ತರಿಸಿ ಕೋಣೆಯಲ್ಲೇ ಮೈ ಒರಸಿಕೊಂಡಳು. ಅತ್ತಿಗೆ ಬಿಸಿಮುದ್ದೆ ಬಸ್ಸಾರು ತಂದಿಟ್ಟರೆ, ಇನ್ನಷ್ಟು ಹಾಕು ಎಂದು ತಟ್ಟೆ ಚಾಚಿದಳು. ಒಳಗೆ ಹೋದ ಅಣ್ಣ ಮಂಚದ ಪಕ್ಕ ಕೂತು, ಅವಳ ಕಾಲು ಹಿಡಿದು, ಗಿರಣಿಯವರಿಗೆಲ್ಲ ಕೇಳಿಸುವ ಹಾಗೆ ಅತ್ತ. ಅವಳು ಅವನ ಬೆನ್ನಿಗೆ ಒಂದು ಗುದ್ದಿ, ಬಾಯಿಗೆ ಒಂದು ತುತ್ತು ಮುದ್ದೆ ತುರುಕಿದಳು. ಜಯಶೀಲ ಹೋಗಿ, ಚಿಕ್ಕಂದಿನಲ್ಲಿ ನನಗಿಂತ ಅಕ್ಕನನ್ನೇ ನೀನು ಹೆಚ್ಚು ಪ್ರೀತಿಸುತ್ತಿದ್ದೆ ಎಂದು ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಮುಖಕ್ಕೇ ಅಂದಳು. ಹೌದು ಕಣೆ, ಅವಳು ತಿರುಗಿ ಬೈತಿದ್ಲು, ನೀನು ಬರೀ ಅಳ್ತಿದ್ದೆ ಎಂದು ಅವ್ವ ಅಂದಳು. ಆಮೇಲೆ ಇಬ್ಬರೂ ತಬ್ಬಿಕೊಂಡು ಕೂತರು. ನಾನು ಎಲ್ಲವನ್ನೂ ಕಿಟಕಿಯಿಂದಲೇ ನೋಡಿದೆ.

"ಹೊಂಬಾಳಾ, ಒಳಗೆ ಬಾರೇ" ಎಂದು ಅವ್ವ ಕರೆದಳು.

"ಇರವ್ವ, ಬ್ರಷ್ ತೊಳೆದು ಬರ್ತೀನಿ. ಒಣಗಿದ್ರೆ ಹಾಳಾಗ್ತದೆ" ಅಂದೆ.

ಬ್ರಷ್ ತೊಳೆದೆ. ಬಕೆಟ್ ತೊಳೆದೆ. ಕಲ್ಲಿನ ಮೇಲೆ ಚೆಲ್ಲಿದ ಬಣ್ಣಕ್ಕೆ ನೀರು ಹಾಕಿ ಉಜ್ಜಿದೆ. ಗಳದ ತುದಿಯ ದಾರ ಬಿಚ್ಚಿ, ಒಗೆದು, ಬೇಲಿಯ ಮೇಲೆ ಒಣಹಾಕಿದೆ. ನನ್ನ ಸುತ್ತ ಗೋಡೆಯಿರಲಿಲ್ಲ. ಬಯಲು ಹಿತ್ತಲು, ಒಂದು ಬಾವಿ, ಅಷ್ಟೇ. ಒಳಗೆ ಅವ್ವ, ಹೊಟ್ಟೆ ತುಂಬ್ತು, ಸ್ವಲ್ಪ ಒರಗ್ತೀನಿ ಅನ್ನುವುದು ಕೇಳಿಸಿತು. ಒರಗಲಿ, ಎದ್ದ ಮೇಲೆ ಹೋಗಿ ಪಕ್ಕದಲ್ಲಿ ಕೂತರಾಯಿತು ಎಂದುಕೊಂಡು ಡಬ್ಬಿಗಳ ಮುಚ್ಚಳ ಹಾಕುತ್ತಿದ್ದೆ. ಅತ್ತಿಗೆ ಕಾಫಿ ಲೋಟ ಹಿಡಿದು ಒಳಗೆ ಹೋದವಳು ಕೂಗಿದಳು.

ಆಗ ಹೋದೆ. ಅಣ್ಣ, ಜಯಶೀಲ ಇಬ್ಬರನ್ನೂ ತಳ್ಳಿಕೊಂಡು ಒಳಗೆ ಹೋದೆ. ಅವ್ವ ಗೋಡೆಯ ಕಡೆ ಮುಖ ಮಾಡಿ, ಬಾಚಿದ ತಲೆ, ಕೈ ಮಡಿಚಿಕೊಂಡು ಮಲಗಿದ್ದಳು. ಅವಳ ಭುಜ ಹಿಡಿದು ಅಲುಗಿಸಿದೆ. ಗಂಟಲು ಹರಿಯುವ ಹಾಗೆ ಕೂಗಿದೆ.

"ಏನವ್ವ ನಿಂಗೆ ಅಷ್ಟೊಂದು ಅವಸರ? ಬರ್ತೀನಿ ಅಂದಿರಲಿಲ್ವಾ? ಒಂದು ಗಳಿಗೆ ತಡೀಬಾರದಾಗಿತ್ತಾ?"